ಪೆಟ್ರೋಲ್ ಮುಳ್ಳು ಇಳಿಯುವುದನ್ನು ಯಾರೂ ನೋಡಲಿಲ್ಲ

2024ರ ಜುಲೈ 8, ಸೋಮವಾರ, ಬೆಳಿಗ್ಗೆ 9 ಗಂಟೆ 20 ನಿಮಿಷ. ಜೆ.ಪಿ. ನಗರದ ಒಂದು ಗ್ಯಾರೇಜಿನಲ್ಲಿ ನಾನು ಟೆಕ್ನೀಷಿಯನ್ ಆಗಿ ಸೇರಿ ಎರಡು ವರ್ಷ ಒಂದು ತಿಂಗಳಾಗಿತ್ತು. ವಯಸ್ಸು ಇಪ್ಪತ್ತೈದು. ಆಟೊಮೊಬೈಲ್ ಡಿಪ್ಲೊಮಾ ಮುಗಿಸಿದಂದಿನಿಂದ ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಮುಟ್ಟಿದ ಪ್ರತಿ ಗಾಡಿಯ ತಾರೀಕು, ಓಡಿದ ಕಿಲೋಮೀಟರ್, ಮಾಡಿದ ಕೆಲಸ, ಮುಗಿಸಿದ ಹೊತ್ತು, ಇಷ್ಟನ್ನೂ ಡೈರಿಯಲ್ಲಿ ಬರೆಯುತ್ತೇನೆ. ಆ ಬೆಳಿಗ್ಗೆ ನನ್ನ ಕೈಗೆ ಬಂದ ಜಾಬ್ ಕಾರ್ಡಿನಲ್ಲಿ, ಅಂದರೆ ಗಿರಾಕಿಯ ದೂರು ಬರೆದುಕೊಳ್ಳುವ ಹಾಳೆಯಲ್ಲಿ, ಒಂದೇ ಸಾಲಿತ್ತು: "ಪೆಟ್ರೋಲ್ ಮುಚ್ಚಳಕ್ಕೆ ಬೀಗ."

ಕಾರು ಒಂಬತ್ತು ವರ್ಷ ಹಳೆಯ ಬಿಳಿ ಹ್ಯಾಚ್‌ಬ್ಯಾಕ್. ಓಡಿದ್ದು 61,779 ಕಿಲೋಮೀಟರ್. ಮಾಲೀಕರು ಮುನಿರಾಜು, ಪದ್ಮನಾಭನಗರದವರು. ಅವರ ತಂದೆಯ ಕಾಲದಲ್ಲಿ ಹೊಲವಾಗಿದ್ದ ಜಾಗದಲ್ಲೇ ಈಗ ಅವರ ಮೂರು ಅಂತಸ್ತಿನ ಕಟ್ಟಡವಿದೆ. ಯಾವಾಗಲೂ ಡ್ರೈವರ್ ಜತೆಗೆ ಬರುತ್ತಿದ್ದವರು ಅಂದು ತಾವೇ ಓಡಿಸಿಕೊಂಡು ಬಂದಿದ್ದರು.

"ಡ್ರೈವರ್ ಎಲ್ಲಿ ಸಾರ್?" ಎಂದೆ.

"ಓಡಿಸ್ಬಿಟ್ಟೆ ಬುಧವಾರ. ಪೆಟ್ರೋಲ್ ಕದೀತಿದ್ದ ನನ್ ಮಗ. ಆರು ವರ್ಷ ಮನೆಯವನ ಥರ ಇಟ್ಕೊಂಡಿದ್ದೆ ಕಣಪ್ಪ."

ಆ ಡ್ರೈವರ್ ಗಂಗಾಧರಣ್ಣ. ತಿಪಟೂರು ಕಡೆಯವರು, ಐವತ್ತು ದಾಟಿದವರು, ಬೊಮ್ಮನಹಳ್ಳಿಯಲ್ಲಿ ಬಾಡಿಗೆ ಮನೆ. ಗ್ಯಾರೇಜಿಗೆ ಬಂದರೆ ಒಂದು ಕಡೆ ಕೂರುವ ಜಾಯಮಾನ ಅವರದಲ್ಲ. ಬಾನೆಟ್ ಎತ್ತಿದಾಗಿನಿಂದ ಇಳಿಸುವವರೆಗೆ ಪಕ್ಕದಲ್ಲೇ ನಿಂತಿರುತ್ತಿದ್ದರು. ಅವರು ಕದ್ದರು ಎಂಬ ಮಾತು ನನಗೆ ಗಂಟಲಲ್ಲಿ ಇಳಿಯಲಿಲ್ಲ. ಆದರೆ ಮುನಿರಾಜು ಬಳಿ ಪುರಾವೆ ಇತ್ತು. ಫೋನ್ ತೆಗೆದು ಎರಡು ಫೋಟೋ ತೋರಿಸಿದರು. ಮೊದಲನೆಯದು ಜುಲೈ 2ರ ಸಂಜೆ 6.50ರದ್ದು, ಅದರಲ್ಲಿ ಪೆಟ್ರೋಲ್ ಮುಳ್ಳು ಮುಕ್ಕಾಲಿನ ಗೆರೆಯಲ್ಲಿ. ಎರಡನೆಯದು ಜುಲೈ 3ರ ಬೆಳಿಗ್ಗೆ 7.15ರದ್ದು, ಮುಳ್ಳು ಕಾಲಿನ ಗೆರೆಯಲ್ಲಿ. ಎರಡರಲ್ಲೂ ಓಡಿದ ಕಿಲೋಮೀಟರ್ 61,471. ಗಾಡಿ ಬೇಸ್‌ಮೆಂಟಿನಲ್ಲಿ ನಿಂತಿತ್ತು. ಬೆಳಿಗ್ಗೆ ಗಂಗಾಧರಣ್ಣ ಅದನ್ನು ಇಳಿಜಾರು ಹತ್ತಿಸಿ ಗೇಟಿನ ಮುಂದೆ ತಂದಿಟ್ಟಿದ್ದರು, ಅಷ್ಟೇ.

"ಇದು ಮೂರನೇ ಸಲ. ಏಪ್ರಿಲಲ್ಲಿ ಒಂದ್ಸಲ, ಮೇ ಕೊನೇಲಿ ಒಂದ್ಸಲ. ಅರ್ಧ ಟ್ಯಾಂಕು ಗಾಳಿಗೆ ಹೋಯ್ತಾ? ನೀನೇ ಹೇಳು," ಎಂದರು. ಉತ್ತರಕ್ಕೆ ಕಾಯದೆ ಮುಂದುವರಿದರು: "ಈಗ ನೋಡು ಮಜಾ. ಗುರುವಾರ ನಾನೇ ಫುಲ್ ಟ್ಯಾಂಕ್ ಹಾಕ್ಸಿದೆ. ಮದ್ದೂರಿಗೆ ನೆಂಟರ ಮನೆಗೆ ಹೋಗ್ಬಂದೆ, ಊರೆಲ್ಲಾ ಸುತ್ತಿದೆ. ಬೇಸ್‌ಮೆಂಟಿಗೆ ಇಳಿಸೋದೇ ಇಲ್ಲ, ಕಣ್ಣೆದುರಿಗಿರ್ಲಿ ಅಂತ ಗೇಟ್ ಮುಂದೆನೇ ನಿಲ್ಲಿಸ್ತೀನಿ. ಮುಳ್ಳು ಇನ್ನೂ ಮುಕ್ಕಾಲಲ್ಲೇ ಇದೆ! ಅವನು ಹೋದ, ಪೆಟ್ರೋಲ್ ಉಳೀತು."

ಈ ಮಾತು ಕೇಳಿಯೇ ನನಗೆ ಅನುಮಾನ ಬಂದದ್ದು. ಗುರುವಾರ ಎಷ್ಟು ಕಿಲೋಮೀಟರಿಗೆ ತುಂಬಿಸಿದಿರಿ ಎಂದು ಕೇಳಿ, ಅವರ ಜೇಬಿನಲ್ಲಿದ್ದ ಬಿಲ್ ನೋಡಿದೆ. ಬಂಕಿನವನು ಅದರ ಮೇಲೆ 61,483 ಎಂದು ಬರೆದಿದ್ದ. ಅಂದರೆ ಅಲ್ಲಿಂದ 296 ಕಿಲೋಮೀಟರ್ ಓಡಿದೆ. ಈ ಗಾಡಿ ಲೀಟರಿಗೆ ಹದಿನಾಲ್ಕು ಹದಿನೈದು ಕೊಡುತ್ತದೆ. ಇಪ್ಪತ್ತು ಲೀಟರ್ ಉರಿದಿರಲೇಬೇಕು. ಟ್ಯಾಂಕು ಹಿಡಿಯುವುದೇ ಮೂವತ್ತೈದು. ಅರ್ಧಕ್ಕಿಂತ ಕಡಿಮೆ ಉಳಿದಿರಬೇಕಾದ ಪೆಟ್ರೋಲನ್ನು ಮುಳ್ಳು ಮುಕ್ಕಾಲು ಎನ್ನುತ್ತಿದೆ. ಡ್ರೈವರ್ ಇದ್ದಾಗ ಕಡಿಮೆ ತೋರಿಸಿದ್ದಕ್ಕೆ ಕಳ್ಳತನ, ಡ್ರೈವರ್ ಹೋದ ಮೇಲೆ ಹೆಚ್ಚು ತೋರಿಸಿದ್ದಕ್ಕೆ ಉಳಿತಾಯ! ಮುಳ್ಳೇ ಸುಳ್ಳು ಹೇಳುತ್ತಿರಬಹುದು ಎಂದು ಆ ಮನುಷ್ಯನಿಗೆ ಒಂದು ಕ್ಷಣವೂ ಹೊಳೆದಿರಲಿಲ್ಲ.

ಗ್ಲೋವ್ ಬಾಕ್ಸ್ ತೆರೆದೆ. ರಬ್ಬರ್ ಬ್ಯಾಂಡ್ ಹಾಕಿದ ಪೆಟ್ರೋಲ್ ಬಿಲ್ಲುಗಳ ಕಟ್ಟು ಅಲ್ಲಿತ್ತು. ಪ್ರತಿ ಬಿಲ್ಲಿನ ಹಿಂದೆ ಅಂದಿನ ಕಿಲೋಮೀಟರನ್ನು ಗಂಗಾಧರಣ್ಣ ಪೆನ್ನಿನಲ್ಲಿ ಬರೆದಿಟ್ಟಿದ್ದರು. ಅಲ್ಲೇ ನಿಂತು ಕೂಡಿಸಿದೆ. ಜನವರಿಯಿಂದ ಮಾರ್ಚ್ ಮಧ್ಯದವರೆಗೆ ಲೀಟರಿಗೆ 14.4 ಕಿಲೋಮೀಟರ್. ಅಲ್ಲಿಂದ ಜುಲೈ 4ರವರೆಗೆ 2,940 ಕಿಲೋಮೀಟರಿಗೆ 203 ಲೀಟರ್, ಅಂದರೆ 14.5. ಮೂರು ಸಲ ಅರ್ಧರ್ಧ ಟ್ಯಾಂಕ್ ಕಳುವಾಗಿದ್ದರೆ ಈ ಅಂಕಿ ಹನ್ನೊಂದರ ಆಸುಪಾಸಿಗೆ ಬೀಳಬೇಕಿತ್ತು. ಒಂದು ಲೀಟರೂ ಕಳುವಾಗಿರಲಿಲ್ಲ. ಅದಕ್ಕೆ ಸಾಕ್ಷಿ ಮುನಿರಾಜು ಅವರ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ ಆರು ತಿಂಗಳಿಂದ ಇತ್ತು. ಅವರು ಆ ಬಾಕ್ಸ್ ತೆರೆದಿರಲಿಲ್ಲ.

"ಬೀಗ ಆಮೇಲೆ ಹಾಕೋಣ ಸಾರ್. ಟ್ಯಾಂಕ್ ಯೂನಿಟ್ ಒಂದ್ಸಲ ನೋಡ್ತೀನಿ," ಎಂದೆ. ಹೊತ್ತು 9.55.

ಟ್ಯಾಂಕ್ ಯೂನಿಟ್ ಎಂದರೆ ಏನು ಎಂದು ಹೇಳಿಬಿಡುತ್ತೇನೆ. ಈ ಕಾರಿನಲ್ಲಿ ಪೆಟ್ರೋಲ್ ಟ್ಯಾಂಕು ಹಿಂದಿನ ಸೀಟಿನ ಕೆಳಗಿರುತ್ತದೆ. ಅದರ ಮೇಲ್ಭಾಗದ ದುಂಡನೆಯ ಬಾಯಿಯೊಳಗೆ ಒಂದು ಉದ್ದನೆಯ ಪ್ಲಾಸ್ಟಿಕ್ ಡಬ್ಬಿ ಇಳಿದಿರುತ್ತದೆ. ನಾವು ಅದನ್ನು ಮಾಡ್ಯೂಲ್ ಎನ್ನುತ್ತೇವೆ. ಪೆಟ್ರೋಲನ್ನು ಎಂಜಿನ್ನಿಗೆ ತಳ್ಳುವ ಪಂಪು, ಕಸ ತಡೆಯುವ ಜಾಲರಿ, ಎರಡೂ ಅದರಲ್ಲೇ ಇರುತ್ತವೆ. ಪಕ್ಕದಲ್ಲಿ ಒಂದು ತಂತಿಯ ತೋಳು, ಅದರ ತುದಿಯಲ್ಲಿ ತೇಲುಗುಂಡು. ಮನೆಯ ಓವರ್‌ಹೆಡ್ ಟ್ಯಾಂಕಿನಲ್ಲಿ ನೀರಿನ ಮೇಲೆ ತೇಲುವ ಬಾಲಿನ ಹಾಗೆ ಇದೂ ಪೆಟ್ರೋಲಿನ ಜತೆ ಏರುತ್ತದೆ, ಇಳಿಯುತ್ತದೆ. ತೋಳಿನ ಬುಡದಲ್ಲಿರುವ ಸೆಂಡರ್ ಎಂಬ ಭಾಗ ಗುಂಡು ಎಲ್ಲಿದೆ ಎಂಬುದನ್ನು ಮುಂದಿನ ಮುಳ್ಳಿಗೆ ತಿಳಿಸುತ್ತದೆ. ಇಡೀ ಮಾಡ್ಯೂಲನ್ನು ಒಂದು ದೊಡ್ಡ ಪ್ಲಾಸ್ಟಿಕ್ ರಿಂಗ್ ತಿರುಗಿಸಿ ಬಿಗಿದಿರುತ್ತಾರೆ. ರಿಂಗಿನ ಕೆಳಗೆ ಆವಿ ಹೊರಬಾರದಂತೆ ಒಂದು ರಬ್ಬರ್ ಬಳೆ, ಓ-ರಿಂಗ್.

ಸೀಟು ಎತ್ತಿದೆ, ಕೆಳಗಿನ ತಗಡಿನ ಮುಚ್ಚಳದ ಸ್ಕ್ರೂ ಬಿಚ್ಚಿದೆ, ಧೂಳು ಒರೆಸಿದೆ. ಮುನಿರಾಜು ಅವರನ್ನು ಮುಂದೆ ಕೂರಿಸಿ ಕೀ ಆನ್ ಮಾಡಿಸಿ ಮುಳ್ಳನ್ನೇ ನೋಡುತ್ತಿರಲು ಹೇಳಿದೆ. ರಬ್ಬರ್ ಸುತ್ತಿಗೆಯಿಂದ ಮಾಡ್ಯೂಲಿನ ತಲೆಗೆ ಮೆಲ್ಲಗೆ ಮೂರು ಪೆಟ್ಟು ಕೊಟ್ಟೆ. ಒಳಗೆ ಏನೋ ಜಾರಿದ ಸಣ್ಣ ಸದ್ದು.

"ಈಗ ಕೀ ಆಫ್ ಮಾಡಿ ಆನ್ ಮಾಡಿ ಸಾರ್."

ಅವರು ಮಾಡಿದರು. ಮುಳ್ಳನ್ನೇ ನೋಡಿದರು. ಆಮೇಲೆ, "ಏಯ್, ಇಳೀತು ಕಣೋ! ಅರ್ಧಕ್ಕಿಂತ ಕೆಳಗೆ ಹೋಯ್ತು!" ಎಂದು ಕೂಗಿದರು. ತಕ್ಷಣ ಅನುಮಾನದಿಂದ ಹಿಂದೆ ತಿರುಗಿದರು: "ನೀನೇನ್ ಮಾಡ್ದೆ?"

"ತಟ್ಟಿದೆ ಸಾರ್, ಅಷ್ಟೇ. ನಿಮ್ಮ ಬೇಸ್‌ಮೆಂಟಿನ ಇಳಿಜಾರು ಹತ್ತಿ ಮೇಲೆ ಧಡಕ್ ಅಂತ ಬಂದ್ರೂ ಹಿಂಗೇ ಆಗುತ್ತೆ."

ಅವರು ಸ್ಟಿಯರಿಂಗ್ ಹಿಡಿದು ಕೂತೇ ಇದ್ದರು. ನಾನು ಮಾಡ್ಯೂಲಿನ ಕಡೆ ಬಗ್ಗಿದೆ. ಗುಂಡು ಯಾಕೆ ಸಿಕ್ಕಿಕೊಳ್ಳುತ್ತಿತ್ತು ಎನ್ನುವುದು ಬಿಚ್ಚುವ ಮೊದಲೇ ಕಣ್ಣಿಗೆ ಬಿತ್ತು. ಮಾಡ್ಯೂಲಿನ ತಲೆಯ ಮೇಲೆ ಒಂದು ಬಾಣದ ಗುರುತಿರುತ್ತದೆ, ಟ್ಯಾಂಕಿನ ಮೇಲೆ ಒಂದು ಗೆರೆ. ಎರಡೂ ಎದುರುಬದುರು ನಿಲ್ಲಬೇಕು. ಇಲ್ಲಿ ಬಾಣ ಗೆರೆಯಿಂದ ಎರಡು ಬೆರಳಷ್ಟು ತಿರುಗಿ ನಿಂತಿತ್ತು. ಟ್ಯಾಂಕಿನೊಳಗೆ ಪೆಟ್ರೋಲ್ ಅಲ್ಲಾಡದಂತೆ ಒಂದು ಅಡ್ಡ ಹಲಗೆ ಇರುತ್ತದೆ. ಮಾಡ್ಯೂಲ್ ತಿರುಗಿದ್ದರಿಂದ ಗುಂಡಿನ ತೋಳು ಆ ಹಲಗೆಗೆ ಉಜ್ಜುತ್ತಿತ್ತು. ಪೆಟ್ರೋಲ್ ತುಂಬಿಸುವಾಗ ಅದೇ ಗುಂಡನ್ನು ಮೇಲಕ್ಕೆ ಒತ್ತಿ ದಾಟಿಸುತ್ತದೆ. ಇಳಿಯುವಾಗ ಮಾತ್ರ ಹಲಗೆಯ ಅಂಚಿಗೆ ಸಿಕ್ಕಿ ಮುಕ್ಕಾಲಿನಲ್ಲೇ ನೇತಾಡುತ್ತದೆ. ಗಾಡಿ ಜೋರಾಗಿ ಕುಲುಕಿದ ದಿನ ಒಮ್ಮೆಲೇ ಕೆಳಗೆ ಬೀಳುತ್ತದೆ.

ಕಣ್ಣಿಗೆ ಬಿದ್ದದ್ದು ಅದೊಂದೇ ಅಲ್ಲ. ರಿಂಗಿನ ಅಂಚಿನಿಂದ ಟ್ಯಾಂಕಿನವರೆಗೆ ಹಳದಿ ಪೇಂಟಿನ ಒಂದು ಚುಕ್ಕೆ ಇತ್ತು. ಬಿಗಿದ ರಿಂಗ್ ಮುಂದೆ ಸಡಿಲವಾದರೆ ಗೊತ್ತಾಗಲಿ ಎಂದು ಹಾಗೆ ಚುಕ್ಕೆ ಇಡುವವನು ಆ ಗ್ಯಾರೇಜಿನಲ್ಲಿ ಒಬ್ಬನೇ. ಅದು ನಾನು.

ಡೈರಿ ತೆಗೆದೆ. 2024 ಮಾರ್ಚ್ 14, ಗುರುವಾರ. ಇದೇ ಗಾಡಿ. ಸ್ಟಾರ್ಟಿಂಗ್ ತೊಂದರೆ. ಪಂಪ್ ಮೋಟರ್, ಜಾಲರಿ ಬದಲು. "ಓ-ರಿಂಗ್ ಹಳೆಯದು, ಒಣಗಿಸಿ ಹಾಕಿದೆ. ರಿಂಗ್ ಬಿಗಿ, ಚುಕ್ಕೆ. ಐದು ಲೀಟರ್ ಹಾಕಿ ಗೇಜ್ ಪರೀಕ್ಷೆ, ಓಕೆ. ಸಂಜೆ 4.40." ನನ್ನ ದುಂಡು ಅಕ್ಷರ, ಒಂದು ಚಿತ್ತೂ ಇಲ್ಲ.

ಆ ಸಾಲುಗಳಲ್ಲಿ ನಮ್ಮ ಕಸುಬಿನ ಎರಡು ಕೆಟ್ಟ ರೂಢಿಗಳಿವೆ. ಪೆಟ್ರೋಲಿನಲ್ಲಿ ವರ್ಷಗಟ್ಟಲೆ ನೆಂದ ಓ-ರಿಂಗ್ ಊದಿಕೊಳ್ಳುತ್ತದೆ, ತನ್ನ ಜಾಗದಲ್ಲಿ ಕೂರುವುದಿಲ್ಲ. ಹೊಸದು ಸಿಗದಿದ್ದರೆ ಹಳೆಯದನ್ನೇ ಅರ್ಧ ಗಂಟೆ ಬಿಸಿಲಿಗಿಡುತ್ತೇವೆ, ಸಂಡಿಗೆ ಒಣಗಿಸಿದ ಹಾಗೆ. ಅದು ಕುಗ್ಗುತ್ತದೆ, ಕೂರುತ್ತದೆ. ಆದರೆ ಪೂರಾ ಕುಗ್ಗಿರುವುದಿಲ್ಲ. ರಿಂಗ್ ಬಿಗಿಯುವಾಗ ಅದು ಕೆಳಗಿನ ಮಾಡ್ಯೂಲನ್ನೂ ತನ್ನ ಜತೆ ಎಳೆದುಕೊಂಡು ತಿರುಗಿಸುತ್ತದೆ. ಅದಕ್ಕೇ ಒಬ್ಬರು ಮಾಡ್ಯೂಲನ್ನು ಒತ್ತಿ ಹಿಡಿಯಬೇಕು, ಇನ್ನೊಬ್ಬರು ರಿಂಗ್ ತಿರುಗಿಸಬೇಕು. ಅಂದು ನನ್ನ ಜತೆಗಿದ್ದ ಹಿರಿಯ ಮೆಕ್ಯಾನಿಕ್ ಬಾಬಣ್ಣನನ್ನು ಬೇರೆ ಗಾಡಿಗೆ ಕರೆದರು. ನಾನೊಬ್ಬನೇ ಬಿಗಿದೆ. ಚುಕ್ಕೆ ಇಟ್ಟದ್ದು ರಿಂಗಿಗೆ, ತಿರುಗಿದ್ದು ಅದರ ಕೆಳಗಿನ ಮಾಡ್ಯೂಲು.

ಎರಡನೆಯ ರೂಢಿ ಇನ್ನೂ ಕೆಟ್ಟದ್ದು. ಕೆಲಸ ಮುಗಿದ ಮೇಲೆ ಐದು ಲೀಟರ್ ಸುರಿದು ಮುಳ್ಳು ಏರಿತೇ ಎಂದು ನೋಡುತ್ತೇವೆ. ಏರಿದರೆ ಓಕೆ. ಇಳಿಯುತ್ತದೆಯೇ ಎಂದು ಯಾರೂ ನೋಡುವುದಿಲ್ಲ. ಅದಕ್ಕೆ ಗಾಡಿ ಓಡಬೇಕು, ದಿನಗಳು ಬೇಕು. ನೋಡುವವನು ಡ್ರೈವರ್ ಒಬ್ಬನೇ.

ಗ್ಯಾರೇಜ್ ಮಾಲೀಕರು ಪ್ರಕಾಶ್. ನನ್ನನ್ನು ಕಂಪ್ರೆಸರಿನ ಹಿಂದೆ ಕರೆದರು.

"ಏನಂತೆ ಬೀಗ ಹಾಕೋದು ಬಿಟ್ಟು ಸೀಟ್ ಎತ್ಕೊಂಡು ಕೂತಿದೀಯ?"

"ಮಾಡ್ಯೂಲ್ ತಿರುಗಿದೆ ಸಾರ್. ಮಾರ್ಚಲ್ಲಿ ನಾನೇ ಹಾಕಿದ್ದು."

"ನಾನೇ ಅಂತ ಯಾಕೆ ಬಾಯಿ ಬಿಡ್ತೀಯ? ಸೆಂಡರ್ ವೀಕ್ ಆಗಿದೆ, ಒಂಬತ್ತು ವರ್ಷದ ಗಾಡಿ, ಹೊಸ ಮಾಡ್ಯೂಲ್ ಹಾಕ್ಬೇಕು ಅನ್ನು. ಅವರಿಗೂ ಸಮಾಧಾನ, ನಮಗೂ ಸಮಾಧಾನ."

"ಡ್ರೈವರಿಗೆ ಸಾರ್?"

"ಯಾವ ಡ್ರೈವರ್ ಗುರು? ಅವನೇನು ನಮ್ಮ ಕಸ್ಟಮರಾ?"

ಎರಡು ವರ್ಷದಲ್ಲಿ ಆ ಗ್ಯಾರೇಜಿನಲ್ಲಿ ನಾನು ಕೇಳಿದ ಮಾತುಗಳಲ್ಲಿ ಇದರಷ್ಟು ಮೈ ಉರಿಸಿದ್ದು ಇನ್ನೊಂದಿಲ್ಲ. ಚೆನ್ನಾಗಿರುವ ಸೆಂಡರನ್ನು ಸತ್ತಿದೆ ಎಂದು ಬರೆದು ಎಸೆಯಬೇಕು, ಒಬ್ಬ ಮನುಷ್ಯ ಕಳ್ಳನಾಗಿಯೇ ಉಳಿಯಬೇಕು, ನಮ್ಮ ಗೋಡೆಯ ಮೇಲಿನ "ನಂಬಿಕೆಯ ಸರ್ವಿಸ್" ಬೋರ್ಡು ಮಾತ್ರ ಹೊಳೆಯುತ್ತಿರಬೇಕು. ನಾನು ಉತ್ತರ ಕೊಡುವ ಮೊದಲೇ ಬಾಬಣ್ಣ ಕೈ ಒರೆಸಿಕೊಳ್ಳುತ್ತಾ ಬಂದರು. ಪ್ರಕಾಶ್‌ಗಿಂತ ಹದಿನೈದು ವರ್ಷ ದೊಡ್ಡವರು.

"ಪ್ರಕಾಶ, ಓ-ರಿಂಗ್ ಬಿಸಿಲಿಗಿಟ್ಟವನು ನಾನು. ಆ ಹುಡುಗನ್ನ ಯಾಕೆ ಸುಳ್ಳು ಹೇಳಿಸ್ತೀಯ? ಹೇಳ್ಕೊಳ್ಳೋಕೆ ನಾಚಿಕೆಯಾದ್ರೆ ನಾನೇ ಹೋಗಿ ಹೇಳ್ತೀನಿ ಬಿಡು."

ಪ್ರಕಾಶ್ ಆಫೀಸಿನೊಳಗೆ ಹೋಗಿ ಬಾಗಿಲು ಎಳೆದುಕೊಂಡರು. ನಾನು ಮುನಿರಾಜು ಬಳಿ ಹೋಗಿ ಬಾಣ, ಗೆರೆ, ನನ್ನ ಚುಕ್ಕೆ, ನನ್ನ ಡೈರಿ ಎಲ್ಲವನ್ನೂ ತೋರಿಸಿದೆ. ತಪ್ಪು ನನ್ನದು ಎಂದೆ. ಅವರು ಬೈದರು. ಬೈಯಬೇಕಾದದ್ದೇ.

"ನಿಮ್ಮಿಂದ ನಾನು ಒಬ್ಬನ ಕೆಲಸ ತೆಗೆದ್ನಲ್ಲೋ!"

"ನಮ್ಮಿಂದಾನೇ ಸಾರ್. ಆದ್ರೆ ಬಿಲ್ ಎಲ್ಲಾ ನಿಮ್ ಗಾಡೀಲೇ ಇದ್ವು. ಒಂದ್ಸಲ ನೋಡ್ಬಹುದಿತ್ತು."

ಅವರು ಜೇಬಿಗೆ ಕೈ ಹಾಕಿದರು. ಆಮೇಲೆ ಮೆಲ್ಲಗೆ, "ಗ್ರೂಪಿಗೆ ಬೇರೆ ಹಾಕ್ಬಿಟ್ಟಿದೀನಿ," ಎಂದು ಫೋನ್ ನನ್ನ ಮುಂದೆ ಹಿಡಿದರು.

ಬಡಾವಣೆಯ ವಾಟ್ಸಾಪ್ ಗ್ರೂಪು. ಜುಲೈ 3, ಬೆಳಿಗ್ಗೆ 8.05. ಗಂಗಾಧರಣ್ಣನ ಫೋಟೋ. ಹಿಂದಿನ ವರ್ಷದ ಆಯುಧಪೂಜೆಯಂದು ತೆಗೆದದ್ದು. ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ. ಕಾರಿಗೆ ಹಾಕಿದ್ದ ಚೆಂಡುಹೂವಿನ ಹಾರದ ತುದಿ ಪಕ್ಕದಲ್ಲಿ ಕಾಣುತ್ತದೆ, ಉಳಿದದ್ದನ್ನು ಕತ್ತರಿಸಿದ್ದಾರೆ. ಕೆಳಗೆ: "ಈ ಡ್ರೈವರ್ ಪೆಟ್ರೋಲ್ ಕಳ್ಳ. ಯಾರೂ ಕೆಲಸಕ್ಕೆ ಇಟ್ಟುಕೊಳ್ಳಬೇಡಿ. ಎಲ್ಲಾ ಗ್ರೂಪಿಗೂ ಕಳಿಸಿ." ಅದರ ಕೆಳಗೆ ಇಪ್ಪತ್ತಾರು ಜನ ಕೈ ಮುಗಿದಿದ್ದರು, ಹೆಬ್ಬೆರಳು ಎತ್ತಿದ್ದರು. ಏನಾಯಿತು ಎಂದು ಕೇಳಿದವರು ಒಬ್ಬರೂ ಇಲ್ಲ.

ಮಧ್ಯಾಹ್ನ 1.10ಕ್ಕೆ ಕೆಲಸ ಶುರುಮಾಡಿದೆವು. ಪಂಪಿನ ಫ್ಯೂಸ್ ತೆಗೆದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಪೈಪಿನ ಒತ್ತಡ ಇಳಿಸಿದೆವು, ಬ್ಯಾಟರಿ ಬಿಚ್ಚಿದೆವು, ಕಿಡಿ ಹಾರದಂತೆ ಹಿತ್ತಾಳೆ ಉಳಿಯಿಂದ ರಿಂಗ್ ಬಿಚ್ಚಿದೆವು. ಟ್ಯಾಂಕಿನಲ್ಲಿದ್ದದ್ದು ಹದಿನಾಲ್ಕು ಲೀಟರ್ ಚಿಲ್ಲರೆ. ತೋಳಿನ ಮೇಲೆ ಉಜ್ಜಿದ ಗೀರು ಬೆರಳಿಗೆ ಸಿಗುತ್ತಿತ್ತು. ಸೆಂಡರಿಗೆ ಏನೂ ಆಗಿರಲಿಲ್ಲ. ಜಯನಗರದಿಂದ ಹೊಸ ಓ-ರಿಂಗ್ ತರಿಸಿದೆವು. ಬಾಬಣ್ಣ ಬಾಣವನ್ನು ಗೆರೆಗೆ ಕೂಡಿಸಿ ಎರಡೂ ಕೈಯಿಂದ ಒತ್ತಿ ಹಿಡಿದರು, ನಾನು ರಿಂಗ್ ಬಿಗಿದೆ. ಟ್ಯಾಂಕು ತುಂಬಿಸಿ, ಪಂಪಿನ ಪೈಪಿನಿಂದಲೇ ಎರಡೆರಡು ಲೀಟರ್ ಹೊರತೆಗೆಯುತ್ತಾ ಪ್ರತಿ ಸಲ ಮುಳ್ಳು ಎಲ್ಲಿದೆ ಎಂದು ಬರೆದೆ. ಹದಿಮೂರು ಸಲ. ಹದಿಮೂರು ಸಲವೂ ಇಳಿಯಿತು. ಸಂಜೆ 5.25.

ಮುಂದಿನ ಭಾನುವಾರ, ಜುಲೈ 14ರ ಬೆಳಿಗ್ಗೆ 11 ಗಂಟೆಗೆ ಬೊಮ್ಮನಹಳ್ಳಿಗೆ ಹೋದೆ. ಗಂಗಾಧರಣ್ಣ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಬೆನ್ನಿಗೆ ನೋವಿನ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದರು, ಹಚ್ಚುತ್ತಿದ್ದದ್ದು ಹೆಂಡತಿ. ಒಂದು ಗಾರ್ಮೆಂಟ್ಸ್ ಗೋಡೌನಿನಲ್ಲಿ ಬಂಡಲ್ ಹೊರುವ ಕೆಲಸಕ್ಕೆ ಸೇರಿ ಐದು ದಿನವಾಗಿತ್ತು. ಪದ್ಮನಾಭನಗರ, ಬನಶಂಕರಿ, ಜಯನಗರದಲ್ಲಿ ಆರು ಮನೆಗೆ ಡ್ರೈವರ್ ಕೆಲಸ ಕೇಳಿಕೊಂಡು ಹೋಗಿದ್ದರಂತೆ. ನಾಲ್ಕು ಕಡೆ ಫೋನಿನಲ್ಲಿ ಫೋಟೋ ತೋರಿಸಿ ಕಳಿಸಿದರಂತೆ.

ನಡೆದದ್ದನ್ನೆಲ್ಲ ಹೇಳಿದೆ. ಹೇಳಿ ಮುಗಿದಾಗ ಅವರು ಸಂತೋಷಪಡುತ್ತಾರೆ ಎಂದುಕೊಂಡಿದ್ದ ನನ್ನ ದಡ್ಡತನಕ್ಕೆ ಏನೆನ್ನಲಿ.

"ನೀವೇ ಅಲ್ವೇನ್ರೀ ಜೂನ್ ಒಂದನೇ ತಾರೀಕು ಏರ್ ಫಿಲ್ಟರ್ ಹಾಕಿದ್ದು?" ಎಂದು ಕೇಳಿದರು.

"ಹೌದಣ್ಣ."

"ಅವತ್ತು ನಿಮ್ ಪಕ್ಕದಲ್ಲೇ ನಿಂತು ಹೇಳಿದ್ನಲ್ಲ. ಟ್ಯಾಂಕ್ ಬಿಚ್ಚಿದ್ಮೇಲೆ ಮುಳ್ಳು ಸರಿ ಇಲ್ಲ, ಒಂದೊಂದ್ಸಲ ನಿಂತ್ಕೊಳ್ಳುತ್ತೆ, ಒಂದೊಂದ್ಸಲ ಬಿದ್ದೋಗುತ್ತೆ, ನೋಡ್ರಪ್ಪ ಅಂತ. ಅದಕ್ಕೂ ಮುಂಚೆ ಏಪ್ರಿಲಲ್ಲಿ ನಿಮ್ ಓನರಿಗೆ ಫೋನ್ ಮಾಡಿದ್ದೆ. ಪೆಟ್ರೋಲ್ ತುಂಬ್ಸು ಸರಿಹೋಗುತ್ತೆ ಅಂದ್ರು. ನೀವು ಹೂಂ ಅಂದ್ರಿ."

ಅವರ ಹೆಂಡತಿ ಎಣ್ಣೆಯ ಕೈಯಲ್ಲೇ ನನ್ನ ಕಡೆ ತಿರುಗಿದರು: "ಹೂಂ ಅಂದವರು ಈಗ ಬಂದವ್ರೆ ನೋಡಿ, ಹಣ್ಣು ತಗೊಂಡು."

ನಾನು ಒಯ್ದಿದ್ದ ಬಾಳೆಹಣ್ಣಿನ ಚೀಲ ಇನ್ನೂ ನನ್ನ ಕೈಯಲ್ಲೇ ಇತ್ತು.

ಡೈರಿಯನ್ನು ಅಲ್ಲೇ ತೆರೆದು ನೋಡಿದೆ. ಜೂನ್ 1, ಶನಿವಾರ. ಏರ್ ಫಿಲ್ಟರ್, ಎಂಜಿನ್ ಆಯಿಲ್. 60,610 ಕಿಲೋಮೀಟರ್. ಮುಗಿಸಿದ್ದು 12.15. ಮುಳ್ಳಿನ ಮಾತು ಇಲ್ಲ. ಯಾಕೆಂದರೆ ಅದು ಜಾಬ್ ಕಾರ್ಡಿನಲ್ಲಿ ಇರಲಿಲ್ಲ. ಜಾಬ್ ಕಾರ್ಡಿನಲ್ಲಿ ಯಾಕಿರಲಿಲ್ಲ? ಯಾಕೆಂದರೆ ಮಾಲೀಕರು ಫೋನಿನಲ್ಲಿ ಹೇಳಿದ್ದನ್ನು ಮಾತ್ರ ಕಾರ್ಡಿಗೆ ಏರಿಸುತ್ತೇವೆ. ಗಾಡಿ ತಂದು ನಿಲ್ಲಿಸಿದ ಡ್ರೈವರ್ ಏನು ಹೇಳಿದರೂ ಅದು ಗಾಳಿಮಾತು. ಬರೀ ಕೂತು ಹೋಗುವವರ ದೂರು ಮಾತ್ರ ದೂರು. ದಿನವಿಡೀ ಆ ಮುಳ್ಳಿನ ಮುಂದೆ ಕೂತವರ ಮಾತು ಲೆಕ್ಕಕ್ಕಿಲ್ಲ. ಇದನ್ನು ಯಾರೂ ನಿಯಮ ಮಾಡಿ ಗೋಡೆಗೆ ಅಂಟಿಸಿಲ್ಲ. ನಾನು ನೋಡಿದ ಎಲ್ಲ ಗ್ಯಾರೇಜಿನಲ್ಲೂ ಹೀಗೇ. ಎಲ್ಲವನ್ನೂ ಬರೆಯುತ್ತೇನೆ ಎಂದು ಹೆಮ್ಮೆಪಡುತ್ತಿದ್ದ ನಾನೂ ಮಾಲೀಕರ ಮಾತನ್ನಷ್ಟೇ ಬರೆಯುತ್ತಿದ್ದೆ. ಗಂಗಾಧರಣ್ಣ ಹೇಳಿದ ದಿನ ಬರೆದುಕೊಂಡು ಹತ್ತು ನಿಮಿಷ ಸೀಟು ಎತ್ತಿದ್ದರೆ, ಜುಲೈ 3 ಬರುತ್ತಲೇ ಇರಲಿಲ್ಲ.

"ಮುನಿರಾಜು ಸಾರ್ ಕೆಲಸಕ್ಕೆ ವಾಪಸ್ ಬನ್ನಿ ಅಂತಿದಾರಣ್ಣ," ಎಂದೆ.

"ಕೆಲಸ ಬೇಡ. ಆ ಫೋಟೋ ತೆಗೆಸ್ರಿ. ನನ್ ಮಗಳ ಫ್ರೆಂಡ್ ತಾಯಿ ಫೋನಿಗೂ ಬಂದೈತೆ. ಮಗು ಮೂರು ದಿನ ಟ್ಯೂಷನ್ನಿಗೆ ಹೋಗಿಲ್ಲ. ಕದ್ದಿಲ್ಲ ಅಂತ ಅದೇ ಗ್ರೂಪಲ್ಲಿ, ನನ್ ಹೆಸರು ಹಾಕಿ ಬರೀಲಿ. ಅಷ್ಟು ಸಾಕು."

ಜುಲೈ 16ರಂದು ಮುನಿರಾಜು ಬರೆದರು. ನನಗೆ ಕಳಿಸಿಯೂ ಕೊಟ್ಟರು: "ನಮ್ಮ ಕಾರಿನ ಪೆಟ್ರೋಲ್ ಗೇಜ್ ರಿಪೇರಿ ಆಗಿದೆ. ಗ್ಯಾರೇಜಿನವರ ತಪ್ಪು." ಗಂಗಾಧರಣ್ಣನ ಹೆಸರಿಲ್ಲ. ಕಳ್ಳ ಎನ್ನಲು ಫೋಟೋ, ಎಲ್ಲ ಗ್ರೂಪಿಗೂ ಕಳಿಸುವ ಅಪ್ಪಣೆ. ಕಳ್ಳನಲ್ಲ ಎನ್ನಲು ಗೇಜಿನ ವರ್ತಮಾನ!

21ರ ಭಾನುವಾರ ಬಾಬಣ್ಣ ಮತ್ತು ನಾನು ಪದ್ಮನಾಭನಗರಕ್ಕೆ ಹೋದೆವು. ಗ್ಯಾರೇಜಿನ ಲೆಟರ್‌ಹೆಡ್ ಪ್ರಕಾಶ್ ಕೊಡಲಿಲ್ಲ. ಬಿಳಿ ಹಾಳೆಯ ಮೇಲೆ ನಡೆದದ್ದನ್ನು ಬರೆದು, ಇಬ್ಬರೂ ಸಹಿ ಹಾಕಿ, ಹದಿಮೂರು ಅಳತೆಗಳ ಪಟ್ಟಿ, ಬಿಲ್ಲುಗಳ ಲೆಕ್ಕ ಜತೆಗಿಟ್ಟೆವು. ಮುನಿರಾಜು ಕಾಫಿ ತರಿಸಿದರು.

"ನೋಡು, ನಾನು ಈ ಏರಿಯಾದಲ್ಲೇ ಹುಟ್ಟಿ ಬೆಳೆದವನು. ಗ್ರೂಪಲ್ಲಿ ನಾನೂರು ಜನ ಇದಾರೆ. ಡ್ರೈವರಿಗೆ ಸಾರಿ ಅಂತ ಹಾಕಿದ್ರೆ ಏನಂದ್ಕೊಳ್ತಾರೆ?"

"ಕಳ್ಳ ಅಂತ ಹಾಕ್ದಾಗ ಏನಂದ್ಕೊಂಡ್ರು ಸಾರ್? ಅದೇ ನಾನೂರು ಜನ," ಎಂದೆ.

ಬಾಬಣ್ಣ ಕಾಫಿ ಮುಟ್ಟಿರಲಿಲ್ಲ. "ಅವನ ಮಗು ಮನೆಯಿಂದ ಆಚೆ ಬರ್ತಿಲ್ಲವಂತೆ ಸ್ವಾಮಿ. ನಿಮಗೆ ಬರೆಯೋಕೆ ಎರಡು ನಿಮಿಷ," ಎಂದರು.

ಒಳಗಿನಿಂದ ಮುನಿರಾಜು ಅವರ ಹೆಂಡತಿ ಬಂದು ಬಾಗಿಲ ಬಳಿ ನಿಂತರು. "ಬರೀರಿ. ನಾನು ಅವತ್ತೇ ಹೇಳ್ದೆ, ಗಂಗಾಧರ ಅಂಥವನಲ್ಲ ಅಂತ. ನನ್ ಮಾತು ಯಾವತ್ತು ಕೇಳಿದೀರ?"

ಮುನಿರಾಜು ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಒತ್ತುತ್ತಾ ಬರೆದರು. ಬೆಳಿಗ್ಗೆ 10.52: "ನನ್ನ ಡ್ರೈವರ್ ಗಂಗಾಧರ ಪೆಟ್ರೋಲ್ ಕದ್ದಿಲ್ಲ. ಗೇಜ್ ಕೆಟ್ಟಿತ್ತು. ವಿಚಾರಿಸದೆ ಕಳ್ಳ ಅಂತ ಹಾಕಿದ್ದು ನನ್ನ ತಪ್ಪು. ಹಿಂದಿನ ಫೋಟೋ ಎಲ್ಲರೂ ಡಿಲೀಟ್ ಮಾಡಿ." ಮೊದಲಿನದಕ್ಕೆ ಇಪ್ಪತ್ತಾರು ಜನ ಹೆಬ್ಬೆರಳು ಎತ್ತಿದ್ದರು. ಇದಕ್ಕೆ ಮೂವರು.

ಅಲ್ಲಿಗೆ ಮುಗಿಯಿತು ಎಂದುಕೊಂಡದ್ದೂ ನನ್ನ ತಪ್ಪೇ. ಹಳೆಯ ಫೋಟೋ ಅಷ್ಟರಲ್ಲಿ ಬೇರೆ ಬಡಾವಣೆಗಳಿಗೆ ಹೋಗಿತ್ತು. ತಿದ್ದಿದ ಮಾತು ಅದರ ಹಿಂದೆ ಹೋಗಲಿಲ್ಲ. ಡೈರಿಯ ಕೊನೆಯ ಪುಟದಲ್ಲಿ ಪಟ್ಟಿ ಮಾಡಿದೆ. ಈವರೆಗೆ ಫೋಟೋ ಕಂಡ ಗ್ರೂಪುಗಳು ಹನ್ನೊಂದು. ಅಡ್ಮಿನ್‌ಗಳನ್ನು ಹುಡುಕಿ, ನಮ್ಮ ಸಹಿಯ ಹಾಳೆ ತೋರಿಸಿ, ತಿದ್ದಿಸಿದ್ದು ಏಳು. ಎರಡು ಕಡೆ "ಹಳೇ ವಿಷಯ ಬಿಡಿ" ಎಂದರು. ಎರಡು ಕಡೆ ಉತ್ತರವೇ ಇಲ್ಲ. ಕಳೆದ ತಿಂಗಳು ಬಿ.ಟಿ.ಎಂ. ಲೇಔಟಿನ ಒಂದು ಗ್ರೂಪಿನಲ್ಲಿ ಅದೇ ಫೋಟೋ ಹೊಸ ಸುದ್ದಿಯ ಹಾಗೆ ಮತ್ತೆ ಬಂತು. ಈ ಸಲ ಮೇಲೆ "ಇಂದು ಬೆಳಿಗ್ಗೆ ಸಿಕ್ಕಿಬಿದ್ದ" ಎಂದು ಯಾರೋ ಸೇರಿಸಿದ್ದರು.

ನಾನು ಅಕ್ಟೋಬರಿನಲ್ಲಿ ಆ ಗ್ಯಾರೇಜ್ ಬಿಟ್ಟೆ. ಜಾಬ್ ಕಾರ್ಡಿನಲ್ಲಿ "ಗಾಡಿ ಓಡಿಸುವವರು ಹೇಳಿದ್ದು" ಎಂದು ಒಂದು ಅಂಕಣ ಮುದ್ರಿಸೋಣ ಎಂದು ಕೇಳಿದ್ದೆ. "ಡ್ರೈವರ್‌ಗಳ ಮಾತು ಕೇಳ್ಕೊಂಡು ಕೂತ್ರೆ ಶೆಟರ್ ಎಳೀಬೇಕಾಗುತ್ತೆ," ಎಂದರು ಪ್ರಕಾಶ್. ಈಗಿನ ಕೆಲಸದಲ್ಲಿ ಆ ಅಂಕಣವನ್ನು ನಾನೇ ಪೆನ್ನಿನಿಂದ ಎಳೆಯುತ್ತೇನೆ. ಗಾಡಿ ತಂದವರು ಯಾರೇ ಆಗಲಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು, ಅವರಿಗೇ ಓದಿ ಹೇಳಿ, ಆಮೇಲೆ ಪಾನಾ ಹಿಡಿಯುತ್ತೇನೆ. ಈ ಕಸುಬು ನನಗೆ ಕಲಿಸಿದ್ದು ಇದೊಂದನ್ನು. ಯಂತ್ರದ ತಪ್ಪಿಗೆ ಮನುಷ್ಯನ ಹೆಸರಿಡುವ ಮೊದಲು ಯಂತ್ರವನ್ನು ಬಿಚ್ಚಿ ನೋಡಬೇಕು. ಅದನ್ನು ಓಡಿಸುವವನನ್ನು ಅದಕ್ಕೂ ಮೊದಲು ಕೇಳಬೇಕು.

ಗಂಗಾಧರಣ್ಣ ಈಗಲೂ ಗೋಡೌನಿನಲ್ಲೇ ಇದ್ದಾರೆ. ಅವರ ಹೆಸರನ್ನು ಅವರು ಹೇಳಿದ್ದರಿಂದಲೇ ಹಾಗೇ ಬರೆದಿದ್ದೇನೆ. ಉಳಿದವರ ಹೆಸರು ಬದಲಿಸಿದ್ದೇನೆ. ಓದುವವರಲ್ಲಿ ಒಂದು ಕೋರಿಕೆ. ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಪಕ್ಕದಲ್ಲಿ ಕತ್ತರಿಸಿದ ಚೆಂಡುಹೂವಿನ ಹಾರ ಇರುವ ಆ ಫೋಟೋ ನಿಮ್ಮ ಗ್ರೂಪಿನಲ್ಲಿ ಕಂಡಿದ್ದರೆ, ಅಥವಾ ಮುಂದೆ ಎಂದಾದರೂ ಬಂದರೆ, ಸುಮ್ಮನೆ ಅಳಿಸಬೇಡಿ. ಈ ಮನುಷ್ಯ ಕದ್ದಿಲ್ಲ ಎಂದು ಅದರ ಕೆಳಗೇ ಬರೆಯಿರಿ. ಯಾವ ಗ್ರೂಪು, ಯಾವ ತಾರೀಕು, ಎಷ್ಟು ಹೊತ್ತಿಗೆ ಬಂತು ಎಂದು ಈ ಪುಸ್ತಕದ ಪ್ರಕಾಶಕರ ಮೂಲಕ ನನಗೆ ತಿಳಿಸಿ. ಸಹಿಯ ಹಾಳೆ ಹಿಡಿದು ನಾನೇ ಬರುತ್ತೇನೆ.